ಸಾಂತಾ ಕ್ರೂಸಿನ ಮೆಟ್ಟಿಲುಗಳು

ಬೇಸಿಗೆಯ ರಜೆ ಮುಗಿದು ಶಾಲೆ ತೆರೆದ ಮೊದಲ ದಿನ ವರ್ಗದೊಳಗೆ ಕಾಲಿಟ್ಟೊಡನೆ ಮಕ್ಕಳು ನನ್ನನ್ನು ಮುತ್ತಿದರು. "ಸರ್, ಸ್ಪೇನಿನಲ್ಲಿ ಏನೇನು ನೋಡಿದಿರಿ?" ಎಂಬುದೇ ಎಲ್ಲರ ಪ್ರಶ್ನೆ. ನನ್ನ ತಮ್ಮನು ಉದ್ಯೋಗನಿಮಿತ್ತ ಆ ದೇಶದ ಅಲಿಕಾಂತೆ ಎಂಬ ಕಡಲತೀರದ ನಗರದಲ್ಲಿ ನೆಲೆಸಿದ್ದಾನೆ. ಅವನ ಒತ್ತಾಯಕ್ಕೆ ಕಟ್ಟುಬಿದ್ದು 2023ರ ಮೇ ತಿಂಗಳಲ್ಲಿ ಎರಡು ವಾರ ಅಲ್ಲಿ ಕಳೆದು ಬಂದಿದ್ದೆ. ಅಂದು ಮಕ್ಕಳಿಗೆ ನಾನು ಹೇಳತೊಡಗಿದ ಕಥೆ ಅರ್ಧದಲ್ಲಿಯೇ ನಿಂತುಹೋಯಿತು. ಉಳಿದರ್ಧವನ್ನು ಈ ಸಂಚಿಕೆಯಲ್ಲಿ ಪೂರ್ಣಗೊಳಿಸುತ್ತಿದ್ದೇನೆ.

ಅಲಿಕಾಂತೆಯು ಭೂಮಧ್ಯ ಸಮುದ್ರದ ದಂಡೆಯ ಮೇಲಿದೆ. ಸಮುದ್ರಕ್ಕೆ ತಾಗಿದಂತೆಯೇ ಬೆನಾಕಾಂತಿಲ್ ಎಂಬ ಬೋಳು ಗುಡ್ಡವೊಂದು 166 ಮೀಟರು ಎತ್ತರಕ್ಕೆ ಎದ್ದು ನಿಂತಿದೆ. ಅದರ ನೆತ್ತಿಯ ಮೇಲೆ ಕೋಟೆ. ಕೆಳಗೆ ನಿಂತು ನೋಡಿದರೆ ಬಂಡೆಯ ಒಂದು ಪಾರ್ಶ್ವದಲ್ಲಿ ಮನುಷ್ಯನ ಮುಖದ ಆಕೃತಿ ಕಾಣುತ್ತದೆ; ಅದನ್ನು ಊರವರು 'ಮೂರನ ಮುಖ' ಎನ್ನುತ್ತಾರೆ. ಮೂರರೆಂದರೆ ಆಫ್ರಿಕದ ಕಡೆಯಿಂದ ಬಂದು ಸ್ಪೇನನ್ನು ಆಳಿದ ಮುಸಲ್ಮಾನರು. ಅವರ ಕಾಲದಲ್ಲಿ ಈ ಊರಿನ ಹೆಸರು ಲಕಂತ್. 1248ರ ಡಿಸೆಂಬರ್ 4ರಂದು ಕಸ್ತೀಲಿಯದ ರಾಜಕುಮಾರ ಅಲ್ಫೋನ್ಸೋ ಈ ಕೋಟೆಯನ್ನು ಗೆದ್ದನು. ಅಂದು ಸಂತ ಬಾರ್ಬರಾಳ ಹಬ್ಬವಾದುದರಿಂದ ಕೋಟೆಗೆ ಆಕೆಯ ಹೆಸರೇ ನಿಂತಿತು.

ಈ ಕೋಟೆಯ ಕೆಳಗೆ, ಗುಡ್ಡದ ಇಳಿಜಾರಿಗೆ ಅಂಟಿಕೊಂಡಂತೆ ಹಳೆಯ ಕೇರಿಯೊಂದಿದೆ. ಅದರ ಹೆಸರನ್ನು ಕೇಳಿ ನಾನು ನಕ್ಕುಬಿಟ್ಟೆ: ಸಾಂತಾ ಕ್ರೂಸ್! ನಮ್ಮ ಮುಂಬಯಿಯ ಪಶ್ಚಿಮ ರೇಲ್ವೆಯ ಸ್ಟೇಷನ್ನಿನ ಹೆಸರೇ ಅದು. ಇಲ್ಲಿಯ ಹೆಸರು ಪೋರ್ತುಗೀಜ್ ಭಾಷೆಯದು, ಅಲ್ಲಿಯದು ಸ್ಪಾನಿಷ್. ಎರಡು ಭಾಷೆಗಳಲ್ಲಿಯೂ ಅರ್ಥ ಒಂದೇ, 'ಪವಿತ್ರ ಶಿಲುಬೆ'. ನಾಲ್ಕೂವರೆ ಸಾವಿರ ಮೈಲಿ ಹಾರದೆ, ಲೋಕಲ್ ಗಾಡಿಯಲ್ಲಿಯೇ ಸಾಂತಾಕ್ರೂಜಿಗೆ ಹೋಗಬಹುದಾಗಿತ್ತಲ್ಲ ಎಂದು ತಮ್ಮನನ್ನು ಹಾಸ್ಯ ಮಾಡಿದೆ.

ಒಂದು ಬೆಳಿಗ್ಗೆ ನಾವಿಬ್ಬರೂ ಆ ಕೇರಿಯನ್ನು ಹತ್ತತೊಡಗಿದೆವು. ಸಮುದ್ರದಂಡೆಯ ಎಸ್‌ಪ್ಲಾನಾದಾ ಎಂಬ ಹಾದಿಯಲ್ಲಿ ಸುಮಾರು 66 ಲಕ್ಷ ಅಮೃತಶಿಲೆಯ ತುಂಡುಗಳನ್ನು ಅಲೆಯಲೆಯಾಗಿ ಹಾಸಿದ್ದಾರೆ. ಅದನ್ನು ದಾಟಿ, ಪುರಭವನದ ಹಿಂದೆ ಸರಿದೊಡನೆ ಊರಿನ ವೈಭವವೆಲ್ಲ ಮುಗಿದು ಮೆಟ್ಟಿಲುಗಳು ಆರಂಭವಾಗುತ್ತವೆ. ಓಣಿಗಳು ಅದೆಷ್ಟು ಇಕ್ಕಟ್ಟೆಂದರೆ ಇಬ್ಬರು ಎದುರುಬದುರಾದರೆ ಒಬ್ಬನು ಗೋಡೆಗೆ ಒರಗಬೇಕು. ಸುಣ್ಣ ಬಳಿದ ಪುಟ್ಟ ಮನೆಗಳು, ನೀಲಿ ಬಣ್ಣದ ಬಾಗಿಲುಗಳು, ಗೋಡೆಯ ತುಂಬ ತೂಗುಹಾಕಿದ ಹೂಕುಂಡಗಳು. ಈ ಇಕ್ಕಟ್ಟಿಗೂ ಒಂದು ಪ್ರಯೋಜನವಿದೆ: ಎದುರು ಮನೆಯ ನೆರಳು ಈಚೆ ಮನೆಯ ಗೋಡೆಯ ಮೇಲೆ ಬಿದ್ದು, ಸುಡುಬಿಸಿಲಿನಲ್ಲಿಯೂ ಓಣಿ ತಂಪಾಗಿರುತ್ತದೆ. ಮೇ ತಿಂಗಳ ಆರಂಭದಲ್ಲಿ ಅಲ್ಲಿ ಹೂವಿನ ಶಿಲುಬೆಗಳ ಹಬ್ಬ. ಆ ಶೃಂಗಾರ ಕೆಲವು ಮೂಲೆಗಳಲ್ಲಿ ಇನ್ನೂ ಉಳಿದಿತ್ತು. ಈಸ್ಟರಿನ ಹಿಂದಿನ ಬುಧವಾರ ಈ ಕಡಿದಾದ ಓಣಿಗಳಲ್ಲಿಯೇ ಜನರು ದೇವರ ಭಾರವಾದ ಮಂಟಪಗಳನ್ನು ಹೆಗಲ ಮೇಲೆ ಹೊತ್ತು ಇಳಿಯುತ್ತಾರಂತೆ. ನಮ್ಮೂರ ಜಾತ್ರೆಯ ಪಲ್ಲಕ್ಕಿಗೆ ಹೆಗಲು ಕೊಟ್ಟ ನನಗೆ ಆ ಕಷ್ಟವೂ ಆ ಸಂತೋಷವೂ ಕೂಡಲೇ ಅರ್ಥವಾದವು.

ಕೇರಿಯ ಮೇಲ್ಭಾಗದಲ್ಲಿ ಸಾಂತಾ ಕ್ರೂಸಿನ ಪುಟ್ಟ ಗುಡಿಯಿದೆ. ಅಲ್ಲಿಂದ ಬಂದರು ಸ್ಪಷ್ಟವಾಗಿ ಕಾಣಿಸುತ್ತದೆ. ಸ್ಪೇನಿನ ಅಂತರ್ಯುದ್ಧ ಮುಗಿಯುತ್ತ ಬಂದಾಗ ಸೋತ ಪಕ್ಷದ ಸಾವಿರಾರು ಜನ ಪ್ರಾಣಭಯದಿಂದ ಈ ಬಂದರಿಗೆ ಓಡಿಬಂದಿದ್ದರು. 1939ರ ಮಾರ್ಚ್ 28ರಂದು ಸ್ಟ್ಯಾನ್‌ಬ್ರೂಕ್ ಎಂಬ ಬ್ರಿಟಿಷ್ ಹಡಗಿನ ಕಪ್ತಾನ ಆರ್ಚಿಬಾಲ್ಡ್ ಡಿಕ್ಸನ್, ಸರಕನ್ನು ತುಂಬಿಸಿಕೊಳ್ಳಲು ಬಂದವನು, ಸರಕನ್ನು ಬಿಟ್ಟು 2,638 ಜನರನ್ನು ಹತ್ತಿಸಿಕೊಂಡು ಆಲ್ಜೀರಿಯದ ಓರಾನಿಗೆ ಹೊರಟುಹೋದನು. ಹತ್ತಲಾರದೆ ಉಳಿದವರು ಸೆರೆಯಾದರು. ಊರು ಬಿಟ್ಟು ಬಂದವರ ಮಕ್ಕಳಾದ ನಿಮಗೆ ಹಡಗು ಹತ್ತಿದವರ ಮನಸ್ಸನ್ನು ನಾನು ಬಣ್ಣಿಸಬೇಕಾಗಿಲ್ಲ.

ಇಳಿಯುವಾಗ ನನ್ನಿಂದ ಒಂದು ತಪ್ಪಾಯಿತು. ಒಂದು ಮನೆಯ ಜಗಲಿ ಬಹಳ ಚೆಂದ ಕಂಡಿತೆಂದು ಚಿತ್ರ ತೆಗೆಯಲು ಅದರ ಮೆಟ್ಟಿಲನ್ನೇರಿದೆ. ನನ್ನ ಚೀಲ ತಗುಲಿ ಹೂಕುಂಡವೊಂದು ಉರುಳಿ ಒಡೆಯಿತು. ಒಳಗಿನಿಂದ ಮುದುಕಿಯೊಬ್ಬಳು ಹೊರಗೆ ಬಂದಳು. ತಮ್ಮನು ಆಕೆಯ ಭಾಷೆಯಲ್ಲಿ ಕ್ಷಮೆ ಬೇಡಿದನು. ನಾನು ಹಣ ಕೊಡಹೋದೆ. ಆಕೆ ಹಣವನ್ನು ಮುಟ್ಟಲಿಲ್ಲ. "ಕುಂಡ ಹೋದರೆ ಹೋಗಲಿ. ಬರುವವರೆಲ್ಲ ನನ್ನ ಗೋಡೆಯನ್ನು ನೋಡುತ್ತಾರೆ, ಇಲ್ಲಿಯವರೆಗೆ ಯಾರೂ ನನ್ನ ಮಂಡಿಯ ನೋವನ್ನು ಕೇಳಿಲ್ಲ" ಎಂದಳು. ಅಲ್ಲಿಗೆ ವಾಹನ ಬರುವುದಿಲ್ಲ. ಅಡುಗೆಯ ಗ್ಯಾಸಿನ ಸಿಲಿಂಡರನ್ನೂ ಹೊತ್ತೇ ತರಬೇಕು. ಕೆಳಗಿನ ಬೀದಿಯಿಂದ ಆಕೆಯ ಬಾಗಿಲಿಗೆ ತೊಂಬತ್ತೆರಡು ಮೆಟ್ಟಿಲು.

ಬಳಿಕ ಆಕೆ ನನ್ನನ್ನು ದಿಟ್ಟಿಸಿ, "ನಿಮ್ಮ ಊರಿನಲ್ಲಿಯೂ ಗುಡ್ಡದ ಮೇಲೆ ಮನೆಗಳಿವೆಯೇ?" ಎಂದು ಕೇಳಿದಳು.

"ಇವೆ, ತಾಯೀ. ನಮ್ಮ ಶಾಲೆಯ ಹಿಂದೆಯೇ ಇವೆ. ನನ್ನ ವಿದ್ಯಾರ್ಥಿಗಳು ಅಲ್ಲಿಯೇ ಇರುತ್ತಾರೆ."

"ಅಲ್ಲಿ ಎಷ್ಟು ಮೆಟ್ಟಿಲು?"

ತಮ್ಮನು ಆ ಪ್ರಶ್ನೆಯನ್ನು ಕನ್ನಡದಲ್ಲಿ ಹೇಳಿ ನನ್ನ ಉತ್ತರಕ್ಕಾಗಿ ಕಾದನು. ನನ್ನಲ್ಲಿ ಉತ್ತರವಿರಲಿಲ್ಲ. ಒಂಬತ್ತು ವರ್ಷಗಳಿಂದ ಆ ಗುಡ್ಡದ ಬುಡದಲ್ಲಿ ಪಾಠ ಹೇಳುತ್ತಿದ್ದ ನಾನು ಒಮ್ಮೆಯೂ ಅದನ್ನು ಹತ್ತಿರಲಿಲ್ಲ.

ಶಾಲೆ ತೆರೆದ ದಿನ ಇಷ್ಟನ್ನೆಲ್ಲ ಹೇಳುವ ಧೈರ್ಯ ನನಗಿರಲಿಲ್ಲ. ಚಿತ್ರಗಳನ್ನಷ್ಟೇ ತೋರಿಸುತ್ತಿದ್ದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಇಣುಕಿ ನೋಡಿ, "ಸರ್, ಇದು ನಮ್ಮ ಗುಡ್ಡದ ಹಾಗೇ ಇದೆ!" ಎಂದನು. ನನ್ನ ಮಾತು ಅಲ್ಲಿಗೇ ನಿಂತಿತು. ಸ್ವಲ್ಪ ಹೊತ್ತಿನ ಮೇಲೆ, "ನಿಮ್ಮ ಮನೆಗೆ ಎಷ್ಟು ಮೆಟ್ಟಿಲು?" ಎಂದು ಕೇಳಿದೆ.

"ನೂರಾ ನಲವತ್ತೇಳು ಸರ್. ಮಳೆಗಾಲದಲ್ಲಿ ಕೊನೆಯ ಹದಿನೈದು ಜಾರುತ್ತವೆ" ಎಂದು ಅವನು ಒಂದು ಕ್ಷಣವೂ ಯೋಚಿಸದೆ ಹೇಳಿದನು. ಹಿಂದಿನ ವರ್ಷವೆಲ್ಲ ಅವನ ಹೆಸರಿನ ಮುಂದೆ ನಾನು ಕೆಂಪು ಶಾಯಿಯಲ್ಲಿ 'ತಡ' ಎಂದು ಬರೆದಿದ್ದೆ. ಬೆಳಿಗ್ಗೆ ಶಾಲೆಗೆ ಹೊರಡುವ ಮೊದಲು ಕೆಳಗಿನ ನಲ್ಲಿಯಿಂದ ನಾಲ್ಕು ಕೊಡ ನೀರನ್ನು ಅವನು ಮೇಲಕ್ಕೆ ಸಾಗಿಸುತ್ತಾನೆಂಬುದು ಅಂದೇ ನನಗೆ ತಿಳಿದದ್ದು.

ಮರು ಭಾನುವಾರ ನಾನು ಆ ಗುಡ್ಡವನ್ನು ಹತ್ತಿದೆ. ಎರಡು ಕಡೆ ಕುಳಿತು ದಣಿವಾರಿಸಿಕೊಳ್ಳಬೇಕಾಯಿತು. ಹುಡುಗನ ತಾಯಿ, "ಮಾಸ್ತರು ಇಷ್ಟು ದೂರ ಬಂದಿರಲ್ಲ!" ಎಂದು ಗಾಬರಿಯಿಂದ ಚಹಾ ಕಾಯಿಸಿದರು. ಸ್ಪೇನಿಗೆ ಹೋಗಿಬಂದಾಗಲೂ ಯಾರೂ ನನಗೆ ಆ ಮಾತನ್ನು ಹೇಳಿರಲಿಲ್ಲ.

ನಮ್ಮ ನಗರದ ಅಸಲ್ಫಾದ ಗುಡ್ಡದ ಮನೆಗಳಿಗೆ 2018ರ ಆರಂಭದಲ್ಲಿ ಸ್ವಯಂಸೇವಕರು ಬಣ್ಣಬಣ್ಣದ ಲೇಪ ಕೊಟ್ಟರು. ಮೆಟ್ರೋ ಗಾಡಿಯಲ್ಲಿ ಹೋಗುವವರು ಕಿಟಕಿಯಿಂದ ಅದನ್ನು ನೋಡಿ ಮೆಚ್ಚುತ್ತಾರೆ. ಮೆಚ್ಚುವುದು ತಪ್ಪಲ್ಲ, ಸಾಂತಾ ಕ್ರೂಸನ್ನು ನಾನೂ ಮೆಚ್ಚಿದೆ. ಆದರೆ ಮಕ್ಕಳೇ, ಚೆಂದದ ಬೆಟ್ಟವೊಂದನ್ನು ದೂರದಿಂದ ಕಂಡಾಗ ಅಲ್ಲಿ ಇರುವವರನ್ನು ಒಂದು ಪ್ರಶ್ನೆ ಕೇಳುವುದನ್ನು ಮರೆಯಬೇಡಿರಿ. ಆ ಪ್ರಶ್ನೆಯನ್ನು ನನಗೆ ಕಲಿಸಿದವಳು ಅಲಿಕಾಂತೆಯ ಮುದುಕಿ. ಅದಕ್ಕೆ ಉತ್ತರ ಕಲಿಸಿದವನು ನಿಮ್ಮಲ್ಲಿಯೇ ಒಬ್ಬ. ಈ ವರ್ಷ ನನ್ನ ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಕೆಂಪು ಶಾಯಿಯಿಲ್ಲ.