ಗೋಡೆಯ ಕಾರು, ಮಾವನ ಜಾವಾ

ಮಧ್ಯಾಹ್ನ ಊಟವಾದ ಮೇಲೆ ಹತ್ತು ನಿಮಿಷ ಕಣ್ಣು ಮುಚ್ಚಿ ಕೂರುವುದು ನನ್ನ ಬಹಳ ವರ್ಷದ ರೂಢಿ. ನಿದ್ದೆಯೇನೂ ಬರುವುದಿಲ್ಲ. ಆ ಹೊತ್ತಿನಲ್ಲಿ ನಾನೊಂದು ಗಾಡಿ ಹೊರಗೆ ತೆಗೆಯುತ್ತೇನೆ.

ಹೈಸ್ಕೂಲಿನ ದಿನಗಳಲ್ಲಿ ಆ ಗಾಡಿ ಲ್ಯಾಂಬೋರ್ಗಿನಿ ಕೌಂಟಾಶ್. ಫುಟ್‌ಪಾತಿನಲ್ಲಿ ಕೊಂಡ ಪೋಸ್ಟರನ್ನು ಅನ್ನದ ಅಗುಳು ಹಚ್ಚಿ ಗೋಡೆಗೆ ಅಂಟಿಸಿದ್ದೆ. ಮಾರ್ಚೆಲ್ಲೊ ಗಾಂದಿನಿ ವಿನ್ಯಾಸ ಮಾಡಿದ ಆ ಕಾರು ಇಟಲಿಯಲ್ಲಿ 1974ರಿಂದ 1990ರವರೆಗೆ ತಯಾರಾಯಿತು. ಎತ್ತರ ಒಂದು ಮೀಟರಿಗಿಂತ ಚೂರೇ ಚೂರು ಹೆಚ್ಚು. ಬಾಗಿಲು ರೆಕ್ಕೆಯ ಹಾಗೆ ಮೇಲಕ್ಕೇಳುತ್ತದೆ. ಹನ್ನೆರಡು ಸಿಲಿಂಡರಿನ ಇಂಜಿನ್ ಬೆನ್ನ ಹಿಂದೆಯೇ ಇರುವುದರಿಂದ ಹಿಂದಿನದು ಕಾಣುವುದು ಕಷ್ಟ. ಹಾಗಾಗಿ ರಿವರ್ಸ್ ತೆಗೆಯುವವರು ಬಾಗಿಲೆತ್ತಿ, ಅದರ ಹೊಸ್ತಿಲ ಮೇಲೆ ಕೂತು, ತಿರುಗಿ ನೋಡಿಕೊಂಡು ತೆಗೆಯುತ್ತಿದ್ದರಂತೆ. ಇದನ್ನು ಓದಿದ ದಿನ ಆ ಕಾರಿನ ಮೇಲಿನ ಪ್ರೀತಿ ಇಮ್ಮಡಿಯಾಯಿತು.

ಆದರೆ ಅದನ್ನು ಓಡಿಸುವುದು ಎಲ್ಲಿ? ಇಟಲಿಯ ರಸ್ತೆ ನಾನು ಕಂಡಿಲ್ಲ. ನಮ್ಮ ಬೀದಿಯ ಮೊದಲ ಹಂಪಿನಲ್ಲೇ ಅದರ ಹೊಟ್ಟೆ ಕಲ್ಲಿಗೆ ತಾಗುತ್ತದೆ. ವರ್ಷಗಟ್ಟಲೆ ನೋಡಿದರೂ ಆ ಕಾರು ಗೋಡೆ ಬಿಟ್ಟು ಕೆಳಗಿಳಿಯಲಿಲ್ಲ.

ಜಾವಾದ ಮಾತೇ ಬೇರೆ. ಅದು ನಮ್ಮೂರಿನದು. 1961ರಲ್ಲಿ ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಶುರುವಾಯಿತು. ಜೆಕೊಸ್ಲೊವಾಕಿಯಾದ ಬೈಕನ್ನು ಇರಾನಿ ಕುಟುಂಬದವರು ಇಲ್ಲಿ ತಯಾರಿಸಿದರು. 1973ರಿಂದ ಹೆಸರು ಯೆಜ್ಡಿ ಎಂದಾಯಿತು. ಹೆಸರು ಬದಲಾದರೂ ಮೈಸೂರಿನವರ ಬಾಯಲ್ಲಿ ಎಷ್ಟೋ ವರ್ಷ ಅದು ಜಾವಾವೇ.

ಸೋದರಮಾವನ ಹತ್ತಿರ ಒಂದಿತ್ತು, ಕಡುಗೆಂಪು ಬಣ್ಣದ್ದು. ಒಂದೇ ಸಿಲಿಂಡರಿಗೆ ಎರಡೂ ಬದಿಯಲ್ಲಿ ಒಂದೊಂದು ಸೈಲೆನ್ಸರು. ಕಿಕ್ಕರೂ ಗೇರೂ ಒಂದೇ ಸರಳು: ಹಿಂದಕ್ಕೆ ತಿರುಗಿಸಿ ಒದ್ದರೆ ಗಾಡಿ ಸ್ಟಾರ್ಟು, ಮುಂದಕ್ಕೆ ತಂದರೆ ಅದೇ ಗೇರು. ಇದಕ್ಕಿಂತ ಚೆಂದದ ಯೋಚನೆಯನ್ನು ಇನ್ನಾವ ಬೈಕಿನಲ್ಲೂ ನಾನು ಕಂಡಿಲ್ಲ. ಟೂ-ಸ್ಟ್ರೋಕ್ ಆದ್ದರಿಂದ ಪೆಟ್ರೋಲಿಗೆ ಆಯಿಲ್ ಬೆರೆಸಬೇಕು. ಆ ನೀಲಿ ಹೊಗೆಯ ವಾಸನೆ ಗೇಟಿನಲ್ಲಿ ಬಂದರೆ ಮಾವ ಬಂದರೆಂದೇ ಅರ್ಥ.

"ಮಾವ, ಒಂದೇ ಒಂದು ರೌಂಡು."

"ಹತ್ಕೊಳೋ. ಸೈಲೆನ್ಸರ್‌ಗೆ ಕಾಲು ತಾಗೀತು, ಜೋಪಾನ."

ಆ ರೌಂಡು ಕೆಲವು ಭಾನುವಾರ ನಂಜನಗೂಡಿನವರೆಗೆ ಬೆಳೆಯುತ್ತಿತ್ತು. ಈಗಲೂ ಕಣ್ಣು ಮುಚ್ಚಿದರೆ ಹೋಗುವುದು ಅದೇ ದಾರಿಯಲ್ಲಿ. ಕಪಿಲೆಯ ಸೇತುವೆ ದಾಟಿ, ಬೇಗೂರಿನಲ್ಲಿ ಕಾಫಿ ಕುಡಿದು, ಗುಂಡ್ಲುಪೇಟೆಯ ಆಚೆಗೆ ಸೂರ್ಯಕಾಂತಿ, ಚೆಂಡುಹೂವಿನ ಹೊಲಗಳು. ಬಂಡೀಪುರದ ಕಾಡಿನ ರಸ್ತೆಯನ್ನು ಪ್ರಾಣಿಗಳ ಸಲುವಾಗಿ ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ಮುಚ್ಚುತ್ತಾರೆ. ಕನಸಿನಲ್ಲೂ ನಾನು ಒಂಬತ್ತರೊಳಗೆ ಕಾಡು ದಾಟುತ್ತೇನೆ, ಆನೆಗಳ ದಾರಿಗೆ ಅಡ್ಡ ಬರುವ ಕನಸು ನನಗೆ ಬೇಡ. ಈ ಸವಾರಿಯಲ್ಲಿ ಹ್ಯಾಂಡಲ್ ಹಿಡಿಯುವುದು ನಾನು. ಹಿಂದೆ ಕೂರುವುದು ಮಾವ.

ಕೈಗೆಟುಕದ್ದಕ್ಕೆ ಆಸೆಪಡುವುದು ಸಂಕಟ ಎನ್ನುವವರಿದ್ದಾರೆ. ನನಗೆ ಹಾಗನ್ನಿಸಿಲ್ಲ. ಕಾರ್ಬುರೇಟರ್ ಎಂದರೇನು, ಪಾಯಿಂಟ್ ಗ್ಯಾಪ್ ಏಕೆ ಸರಿಯಿರಬೇಕು ಎಂದು ನಾನು ಕಲಿತದ್ದು ಈ ಆಸೆಯ ದೆಸೆಯಿಂದ. ಮೆಕ್ಯಾನಿಕ್ಕಿನ ಅಂಗಡಿಯ ಮುಂದೆ ಗಂಟೆಗಟ್ಟಲೆ ನಿಂತದ್ದರಲ್ಲಿ ಒಂದು ಗಂಟೆಯೂ ವ್ಯರ್ಥವಾಯಿತೆಂದು ಅನ್ನಿಸಿಲ್ಲ.

ಯಾದವಗಿರಿಯ ಕಾರ್ಖಾನೆ 1996ರಲ್ಲಿ ಮುಚ್ಚಿತು. ಮಾವನ ಗಾಡಿ ಬಿಡಿಭಾಗ ಸಿಗದೆ ಹಿತ್ತಲಿನ ಹಲಸಿನ ಮರದಡಿ ಎರಡು ಮಳೆಗಾಲ ನಿಂತಿತು. ಆಮೇಲೊಂದು ದಿನ ಗುಜರಿಯವನು ತೂಕ ಹಾಕಿ ಒಯ್ದ. ನಾನು ಊರಲ್ಲಿರಲಿಲ್ಲ. ಇದ್ದರೂ ತಡೆಯಲು ಕೈಯಲ್ಲಿ ಕಾಸಿರಲಿಲ್ಲ.

2018ರಲ್ಲಿ ಜಾವಾ ಹೆಸರು ಮತ್ತೆ ರಸ್ತೆಗೆ ಬಂತು, 2022ರಲ್ಲಿ ಯೆಜ್ಡಿ. ಒಳ್ಳೆಯ ಗಾಡಿಗಳು, ಫೋರ್-ಸ್ಟ್ರೋಕ್, ತಯಾರಾಗುವುದು ಮಧ್ಯಪ್ರದೇಶದ ಪೀತಮ್‌ಪುರದಲ್ಲಿ. ಓಡಿಸಿ ನೋಡಿ ಖುಷಿಪಟ್ಟಿದ್ದೇನೆ. ಆದರೂ ನನ್ನ ಎಡಗಾಲು ಆ ಒಂದೇ ಸರಳನ್ನು ಹುಡುಕುತ್ತದೆ.

ಜುಲೈ ತಿಂಗಳ ಎರಡನೆಯ ಭಾನುವಾರ ಜಾವಾ ದಿನ. ಹಳೆಯ ಗಾಡಿಗಳನ್ನು ತೊಳೆದು ಒರೆಸಿ ಊರೂರಿನಲ್ಲಿ ಸಾಲಾಗಿ ತರುತ್ತಾರೆ. ನಿಮ್ಮ ಮನೆಯ ಹಿತ್ತಲಲ್ಲೋ ಕೊಟ್ಟಿಗೆಯಲ್ಲೋ ಟಾರ್ಪಾಲಿನಡಿ ಅಂಥದ್ದೊಂದು ನಿಂತಿದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ. ಹಳೆಯ ಮೆಕ್ಯಾನಿಕ್ಕುಗಳು ಇನ್ನೂ ಇದ್ದಾರೆ. ಒಮ್ಮೆ ಕರೆದು ತೋರಿಸಿ.