ಕಿಟಕಿಗಳೂ ಸಾಕ್ಷಿಗಳೂ

ಚಿಪ್ಪುಗಳೊಳಗಿನ ಸೂಕ್ಷ್ಮ ವಿದ್ಯುನ್ಮಂಡಲಗಳ ನಕಾಶೆಯನ್ನು ಬರೆಯುವುದು ನನ್ನ ಜೀವನೋಪಾಯ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯವರು ಬೆಂಗಳೂರಿನಲ್ಲಿ ನೆಲೆಯೂರಿದ ಮೇಲೆ ಈ ಕಸುಬು ನಮ್ಮ ಸೀಮೆಯಲ್ಲಿ ಬೆಳೆಯಿತು. ಹೋಳೂರಿನ ಮನೆಯಲ್ಲಿಯೇ ಕುಳಿತು ಅದನ್ನು ಮಾಡುವೆನೆಂದರೆ ನೆರೆಯ ಹಿರಿಯರಿಗೆ ನಂಬಿಕೆ ಹುಟ್ಟದು. “ಶಾನುಭೋಗರ ನಕಾಶೆಯಂತೆಯೇ, ಹೊಲಕ್ಕೆ ಬದಲು ಚಿಪ್ಪಿನದು” ಎಂದು ಹೇಳಿ ಪಾರಾಗುವುದು ನನ್ನ ವಾಡಿಕೆ. ಆ ಅವಸರದ ಉತ್ತರದಲ್ಲಿ ನಾನು ಎಣಿಸಿದುದಕ್ಕಿಂತ ಹೆಚ್ಚು ಹುರುಳಿದೆಯೆಂದು ಈಚೆಗೆ ತೋರಿದುದರಿಂದ ಈ ನಾಲ್ಕು ಮಾತು.

ಹಿಂದೆ ಈ ನಕಾಶೆಗಳನ್ನು ಕೈಯಲ್ಲಿಯೇ ಬರೆಯುತ್ತಿದ್ದರು. 1971ರಲ್ಲಿ ಹೊರಬಂದ ಇಂಟೆಲ್ 4004 ಎಂಬ ಚಿಪ್ಪಿನಲ್ಲಿ ಸುಮಾರು 2,300 ಟ್ರಾನ್ಸಿಸ್ಟರುಗಳಿದ್ದುವು. ಅದರ ನಕಾಶೆಯನ್ನು ನೂರಾರು ಪಾಲು ಹಿಗ್ಗಿಸಿ ಬರೆದು, ಕೆಂಪು ಹಾಳೆಯಲ್ಲಿ ಕೊಯ್ದು ತೆಗೆದರು. ಅಂಥ ಹಾಳೆಯ ಮುಂದೆ ನಿಂತವನು ಬೇಕೆಂದಾಗ ಮೂಗು ತಾಗುವಷ್ಟು ಬಗ್ಗುವನು. ಬೇಕೆಂದಾಗ ನಾಲ್ಕು ಹೆಜ್ಜೆ ಹಿಂದೆ ಸರಿದು ಇಡಿಯನ್ನು ನೋಡುವನು. ಗಣಕಯಂತ್ರದ ಮುಂದೆ ಕುಳಿತವನಿಗೆ ಆ ಹೆಜ್ಜೆಗಳ ಸೌಕರ್ಯವಿಲ್ಲ. ಲೆಕ್ಕ ಹಾಕಿ ನೋಡಬಹುದು. ಚಿಪ್ಪು 3 ಮಿಲಿಮೀಟರು ಅಗಲ, ತೆರೆ 1,920 ಚುಕ್ಕೆ ಅಗಲ. ಇಡೀ ಚಿಪ್ಪನ್ನು ತೆರೆಯೊಳಗೆ ತಂದರೆ ಒಂದೊಂದು ಚುಕ್ಕೆಯ ಪಾಲಿಗೂ ಸುಮಾರು ಒಂದೂವರೆ ಮೈಕ್ರಾನು ಬೀಳುತ್ತದೆ. ತಂತಿಯ ಅಗಲವೋ 0.14 ಮೈಕ್ರಾನು! ಐದು ತಂತಿಗಳು ನಡುವಣ ಅಂತರಗಳೊಡನೆ ಒಂದೇ ಚುಕ್ಕೆಯಲ್ಲಿ ಅಡಗಿ ಕೂರಬಲ್ಲವು. ತಂತಿ ಕಾಣುವಷ್ಟು ಹಿಗ್ಗಿಸಿದಿರೋ, ಊರೇ ಮರೆಯಾಯಿತು.

ಈ ಸಂಕಟಕ್ಕೆ ಪರಿಹಾರವೆಂದರೆ ಒಂದೇ ನಕಾಶೆಯನ್ನು ಹಲವು ಕಿಟಕಿಗಳಲ್ಲಿ ತೆರೆಯುವುದು. 1980ರ ದಶಕದ ಮೊದಲ ವರ್ಷಗಳಲ್ಲಿ ಬರ್ಕ್‌ಲಿಯ ವಿಶ್ವವಿದ್ಯಾನಿಲಯದಲ್ಲಿ ಜಾನ್ ಔಸ್ಟರ್‌ಹೌಟ್ ಎಂಬವರು ತಮ್ಮ ಶಿಷ್ಯರೊಡನೆ ರಚಿಸಿದ ಮ್ಯಾಜಿಕ್ ಎಂಬ ತಂತ್ರಾಂಶದಲ್ಲಿ ಈ ಏರ್ಪಾಡು ಬಹು ಸೊಗಸಾಗಿದೆ. ಅದು ಇಂದಿಗೂ ಬಳಕೆಯಲ್ಲಿದೆ, ಯಾರಿಗೂ ಉಚಿತ. ಚಿಪ್ಪಿನ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ತಂತಿಯೆಳೆಯಬೇಕೆನ್ನಿ. ಒಂದು ಕಿಟಕಿಯಲ್ಲಿ ಇಡೀ ಚಿಪ್ಪನ್ನಿಟ್ಟುಕೊಂಡು, ಇನ್ನೆರಡರಲ್ಲಿ ಎರಡು ತುದಿಗಳನ್ನು ಹಿಗ್ಗಿಸಿಕೊಳ್ಳುತ್ತೇನೆ. ಗುರುತಿನ ಚೌಕದ ಕೆಳಗಿನ ಎಡಮೂಲೆಯನ್ನು ಒಂದು ಕಿಟಕಿಯಲ್ಲೂ ಮೇಲಿನ ಬಲಮೂಲೆಯನ್ನು ಇನ್ನೊಂದರಲ್ಲೂ ಊರಬಹುದು; ನಡುವಣ ದೂರವನ್ನು ಕಣ್ಣು ಪ್ರಯಾಣಮಾಡಬೇಕಾಗಿಲ್ಲ. ಇಲ್ಲಿ ಬಳಿದ ಬಣ್ಣ ಅಲ್ಲಿಯೂ ಆ ಕ್ಷಣವೇ ಮೂಡುತ್ತದೆ. ಬೇಕಾದರೆ ಒಂದು ಕಿಟಕಿಯಲ್ಲಿ ಲೋಹದ ಪದರಗಳನ್ನು ಮಾತ್ರ ತೋರಿಸಿ, ಇನ್ನೊಂದರಲ್ಲಿ ಅವನ್ನು ಮರೆಮಾಡಿ ಕೆಳಗಿನ ಟ್ರಾನ್ಸಿಸ್ಟರುಗಳನ್ನು ನೋಡಬಹುದು. ನಮ್ಮ ಜಿಲ್ಲೆಯವರಿಗೆ ಇದು ಹೊಸತಲ್ಲ. 2001ರಲ್ಲಿ ಮುಚ್ಚಿದ ಕೋಲಾರದ ಚಿನ್ನದ ಗಣಿ ಮೂರು ಸಾವಿರ ಮೀಟರಿಗೂ ಮೀರಿ ಆಳಕ್ಕಿಳಿದಿತ್ತು. ಅಂಥ ಗಣಿಯನ್ನು ಒಂದೊಂದು ಮಟ್ಟಕ್ಕೂ ಬೇರೆ ಬೇರೆ ನಕಾಶೆ ಬರೆದಲ್ಲದೆ ಅರಿಯುವ ಬಗೆಯಿಲ್ಲ.

ಹೀಗೆ ಆರೇಳು ಕಿಟಕಿಗಳನ್ನು ತೆರೆದು ಕುಳಿತಾಗ ಮನಸ್ಸಿಗೆ ಒಂದು ಧೈರ್ಯ ಬರುತ್ತದೆ. ಈ ಧೈರ್ಯದ ವಿಷಯದಲ್ಲಿಯೇ ನನಗೆ ಅನುಮಾನ.

ನಮ್ಮ ಮನೆಯ ಹೊಲವೊಂದರ ಬದುವಿನ ವ್ಯಾಜ್ಯ ತಂದೆಯವರ ಕಾಲದಲ್ಲಿ ಬಹು ದಿನ ನಡೆಯಿತು. ಗ್ರಾಮ ನಕಾಶೆಯಲ್ಲಿ ಬದು ನೇರ. ಆ ಸರ್ವೆ ನಂಬರಿನ ಅಳತೆ ಬರೆದ ಟಿಪ್ಪಣಿಯಲ್ಲಿ ಅದಕ್ಕೊಂದು ಕೊಂಕು. ಎರಡು ಕಾಗದಗಳನ್ನು ಇಬ್ಬರು ಬರೆದದ್ದು. ಅವು ಜಗಳವಾಡಿದುದರಿಂದಲೇ ಮೋಜಣಿದಾರರು ಸರಪಳಿ ಹಿಡಿದು ಬಂದರು, ಹುಣಸೆಮರದ ಬುಡದಲ್ಲಿ ಹೂತಿದ್ದ ಹಳೆಯ ಗಡಿಕಲ್ಲು ಸಿಕ್ಕಿತು. ಕಾಗದಗಳೆರಡೂ ಒಂದನ್ನೇ ಹೇಳಿದ್ದರೆ ಆ ಕಲ್ಲನ್ನು ಯಾರೂ ಅಗೆಯುತ್ತಿರಲಿಲ್ಲ. ಮ್ಯಾಜಿಕ್ಕಿನ ಕಿಟಕಿಗಳು ಎಂದಿಗೂ ಜಗಳವಾಡವು. ಅವೆಲ್ಲ ಒಂದೇ ಬರಹವನ್ನು ನೋಡುವ ಕಣ್ಣುಗಳು. ಬರಹವೇ ತಪ್ಪಾಗಿದ್ದರೆ ಏಳು ಕಿಟಕಿಗಳೂ ಒಕ್ಕೊರಲಿನಿಂದ ತಪ್ಪನ್ನೇ ಹೇಳುತ್ತವೆ.

ನನ್ನ ಅಣ್ಣನ ಮಗಳು ಇಂಜಿನಿಯರಿಂಗ್ ಓದುತ್ತಿದ್ದಾಳೆ. 2020ರಲ್ಲಿ ಗೂಗಲ್ ಮತ್ತು ಸ್ಕೈವಾಟರ್ ಕಂಪನಿಗಳು 130 ನ್ಯಾನೋಮೀಟರಿನ ಚಿಪ್ಪುಗಳ ನಿಯಮಾವಳಿಯನ್ನು ಎಲ್ಲರಿಗೂ ಬಿಚ್ಚಿಟ್ಟ ಮೇಲೆ ವಿದ್ಯಾರ್ಥಿಗಳೂ ತಮ್ಮ ನಕಾಶೆಯನ್ನು ನಿಜವಾದ ಸಿಲಿಕಾನಿನಲ್ಲಿ ಕಾಣುವಂತಾಗಿದೆ. ಹಲವರ ನಕಾಶೆಗಳನ್ನು ಒಟ್ಟುಗೂಡಿಸಿ ಅಚ್ಚಿಗೆ ಕಳುಹುವ ಏರ್ಪಾಡೊಂದರಲ್ಲಿ ಅವಳೂ ಸ್ಥಳ ಹಿಡಿದಿದ್ದಳು. ಒಮ್ಮೆ ಅಚ್ಚಾದ ಮೇಲೆ ಚಿಪ್ಪಿನಲ್ಲಿ ತಿದ್ದುವಂತಿಲ್ಲ. ಹಣ ಅವಳದೂ ಗೆಳತಿಯರದೂ, ಕೂಡಿಟ್ಟದ್ದು.

“ಚಿಕ್ಕಪ್ಪ, ಎಲ್ಲ ಕಿಟಕಿಯಲ್ಲೂ ನೋಡಿದ್ದೇನೆ. ಬಿಳಿ ಚುಕ್ಕೆ ಒಂದೂ ಇಲ್ಲ” ಎಂದಳು. ಅಗಲ, ಅಂತರಗಳ ನಿಯಮ ಮೀರಿದೆಡೆಯಲ್ಲೆಲ್ಲ ಮ್ಯಾಜಿಕ್ ತಾನಾಗಿಯೇ ಬಿಳಿ ಚುಕ್ಕೆಗಳನ್ನು ಇಡುತ್ತದೆ. ಆದರೆ ತಂತಿ ನಿಯಮದಂತೆ ಅಗಲವಾಗಿರುವುದು ಬೇರೆ, ಸೇರಬೇಕಾದ ಮನೆಗೆ ಸೇರುವುದು ಬೇರೆ.

“ಮೂಲಚಿತ್ರದೊಡನೆ ಹೋಲಿಸಿದೆಯೇನಮ್ಮ?”

“ಹೋದ ವಾರ ಹೋಲಿಸಿದ್ದೆ. ಆಮೇಲೆ ಸ್ವಲ್ಪವೇ ಬದಲಾಯಿಸಿದೆ.”

ನಾನು ವಾದಿಸಲಿಲ್ಲ, ಹುಣಸೆಮರದ ಕಥೆಯನ್ನು ಹೇಳಿದೆ. ಅವಳು ನಕ್ಕಳು, ಆದರೂ ಎದ್ದುಹೋಗಿ ನಕಾಶೆಯಿಂದ ಮಂಡಲವನ್ನು ಹೊರತೆಗೆಯಿಸಿ, ನೆಟ್‌ಜೆನ್ ಎಂಬ ಬೇರೊಂದು ತಂತ್ರಾಂಶದಿಂದ ಮೂಲಚಿತ್ರಕ್ಕೆ ಹೋಲಿಸಿದಳು. ಅರ್ಧ ಗಂಟೆಯ ತನಕ ಕೋಣೆಯಿಂದ ಸದ್ದಿಲ್ಲ. ಅಕ್ಕಪಕ್ಕದ ಎರಡು ತಂತಿಗಳು ಅದಲುಬದಲಾಗಿದ್ದುವು. ಎರಡೂ ನೇರ, ಎರಡೂ ನಿಯಮಬದ್ಧ. ಕಳುಹುವ ಗಡುವಿಗೆ ಇನ್ನೂ ಎರಡು ದಿನವಿತ್ತು. ಆ ರಾತ್ರಿ ಅವಳು ಊಟಕ್ಕೆ ತಡವಾಗಿ ಬಂದಳು.