ಎರಡು ಮಂಜು

“ಮಂಜು ನೋಡಿದ್ಯಾ?” ಎಂದು ಅಮ್ಮ ಫೋನಿನಲ್ಲಿ ಕೇಳಿದಾಗ ನಾನು ಡಾರ್ಜಿಲಿಂಗಿನ ಚೌರಸ್ತಾದಲ್ಲಿ ಒಂದು ಬೆಂಚಿನ ಮೇಲೆ ಕೂತಿದ್ದೆ. ಹತ್ತು ಅಡಿ ಆಚೆ ಸವಾರಿಯ ಕುದುರೆಯೊಂದು ನಿಂತಿತ್ತು. ಅದರ ಮುಖ, ಕುತ್ತಿಗೆ ಕಾಣುತ್ತಿತ್ತು. ಹಿಂಭಾಗ ಎಲ್ಲಿಯೋ ಕರಗಿಹೋಗಿತ್ತು.

“ಮಂಜು ಬಿಟ್ರೆ ಬೇರೇನೂ ಕಾಣ್ತಾನೇ ಇಲ್ಲ ಅಮ್ಮ” ಎಂದೆ.

ಅಮ್ಮನಿಗೆ ಖುಷಿಯಾಯಿತು. ಫೋಟೋ ಕಳಿಸು ಎಂದಳು. ಕಳಿಸಿದೆ. ಎರಡೇ ನಿಮಿಷಕ್ಕೆ ಮತ್ತೆ ಫೋನು. “ಇದೇನೇ ಇದು, ನಮ್ಮ ತೋಟದ ಹಾಗೇ ಇದೆ. ನಾನು ಕೇಳಿದ್ದು ಈ ಮಂಜಲ್ಲ ಕಣೇ. ಬೆಟ್ಟದ ಮೇಲಿರತ್ತಲ್ಲ, ಬಿಳೀದು, ಅದು.”

ನಮ್ಮ ಮನೆಯ ಕನ್ನಡದಲ್ಲಿ ಎರಡಕ್ಕೂ ಮಂಜೇ. ‘ಹಿಮ’ ಎಂಬ ಪದ ಇದೆ, ಆದರೆ ಅದು ಪಠ್ಯಪುಸ್ತಕದಲ್ಲಿ ಇರುವುದು. ಹಿಮ ಬೀಳದ ಊರಿನವರಿಗೆ ಅದಕ್ಕಾಗಿ ಬೇರೆ ಮಾತು ಬೇಕಾಗಿರಲಿಲ್ಲ. ಮಲೆನಾಡಿನಲ್ಲಿ ಹುಟ್ಟಿ ಬೆಳೆದ ನಾನು ಒಂದು ಮಂಜನ್ನು ನೋಡಲು ಎರಡು ಹಗಲು, ಎರಡು ರಾತ್ರಿ ರೈಲಿನಲ್ಲಿ ಕೂತು ಬಂದು, ಮನೆಯಲ್ಲೇ ಇದ್ದ ಇನ್ನೊಂದು ಮಂಜಿನೊಳಗೆ ಸಿಕ್ಕಿಕೊಂಡಿದ್ದೆ.

ನಿಜ ಹೇಳಬೇಕೆಂದರೆ ನಾನು ಬೆಟ್ಟ ನೋಡಲೆಂದೇ ಹೊರಟವಳಲ್ಲ. ಸಿಲಿಗುರಿಯ ಹತ್ತಿರ ಎರಡು ದಿನದ ವಿಚಾರಸಂಕಿರಣವಿತ್ತು. ಹದಿನೈದು ನಿಮಿಷದ ಪ್ರಬಂಧ ಓದಲು ಅಷ್ಟು ದೂರ ಹೋಗಬೇಕೇ ಎಂದು ಗೆಳತಿಯರು ಕೇಳಿದ್ದರು. ಹಾಸ್ಟೆಲಿನಿಂದ, ಇಲಾಖೆಯ ಕಾರಿಡಾರಿನಿಂದ, “ಥೀಸಿಸ್ ಎಲ್ಲಿಗೆ ಬಂತು?” ಎನ್ನುವ ಪ್ರಶ್ನೆಯಿಂದ ದೂರವಿರುವ ಯಾವ ಊರಾದರೂ ನನಗೆ ಸಾಕಾಗಿತ್ತು. ಐದು ವರ್ಷದ ಫೆಲೋಶಿಪ್ ಮುಗಿದಿತ್ತು. ಫೋನಿನ ಡ್ರಾಫ್ಟಿನಲ್ಲಿ ಮಾರ್ಗದರ್ಶಕರಿಗೆ ಬರೆದ ನಾಲ್ಕು ಸಾಲಿನ ಮೇಲ್ ಇತ್ತು: ವೈಯಕ್ತಿಕ ಕಾರಣಗಳಿಂದ ಸಂಶೋಧನೆಯನ್ನು ಮುಂದುವರಿಸಲು ಸಾಧ್ಯವಾಗುತ್ತಿಲ್ಲ. ಕಳಿಸುವ ಗುಂಡಿ ಒತ್ತುವುದಷ್ಟೇ ಬಾಕಿ.

ನನ್ನ ವಿಷಯ ನಿಘಂಟು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ ಅಚ್ಚಾದ ಕಿಟೆಲ್ ಅವರ ಕನ್ನಡ–ಇಂಗ್ಲಿಷ್ ನಿಘಂಟಿನಲ್ಲಿ ಅಡಿಕೆ ತೋಟದ ಪದಗಳು ಎಷ್ಟು ಸಿಗುತ್ತವೆ, ಹೇಗೆ ಸಿಗುತ್ತವೆ ಎಂದು ಹುಡುಕುವುದು. ಹೋಲಿಸಿ ನೋಡಲು ನಮ್ಮ ಅಜ್ಜಿಯ ಬಾಯಿಂದ ಪದಗಳನ್ನು ಚೀಟಿಗಳಲ್ಲಿ ಬರೆದುಕೊಳ್ಳುತ್ತಾ ಹೋದೆ. ಸೋಗೆ, ಹಾಳೆ, ಸಿಂಗಾರ, ಚೊಗರು, ಮೆಟ್ಟುಗತ್ತಿ ಎಂದು ಶುರುವಾದದ್ದು ಮಳೆಗೆ, ಕೆಸರಿಗೆ, ಸೌದೆಯ ಹೊಗೆಗೆ ಹರಡಿಕೊಂಡಿತು. ಚೀಟಿಗಳು ಬೆಳೆದವು, ಥೀಸಿಸ್ ನಿಂತಿತು. ಹುಡುಕಲು ಹೊರಟದ್ದೇನು, ಕೈಯಲ್ಲಿ ಸೇರಿದ್ದೇನು ಎಂಬುದಕ್ಕೆ ತಾಳೆಯೇ ಆಗುತ್ತಿರಲಿಲ್ಲ. ಹೋದ ಆಷಾಢದಲ್ಲಿ ಅಜ್ಜಿ ತೀರಿಕೊಂಡಳು. ‘ಅರ್ಥ ಕೇಳಬೇಕು’ ಎಂದು ಪೆನ್ಸಿಲಿನಲ್ಲಿ ಗುರುತು ಹಾಕಿಟ್ಟ 43 ಚೀಟಿಗಳು ಹಾಗೆಯೇ ಉಳಿದವು. ಆ ಮೇಲೆ ನಾನು ಆ ಡಬ್ಬಿಯ ಮುಚ್ಚಳ ತೆಗೆಯಲಿಲ್ಲ. ಆದರೂ ಊರಿಂದ ಹೊರಡುವಾಗ ಆ 43ನ್ನು ರಬ್ಬರ್ ಬ್ಯಾಂಡ್ ಹಾಕಿ ಬ್ಯಾಗಿಗೆ ಸೇರಿಸಿದ್ದೆ. ಯಾಕೆಂದು ಕೇಳಿದರೆ ಉತ್ತರವಿಲ್ಲ.

ವಿಚಾರಸಂಕಿರಣ ಮುಗಿದ ಮೇಲೆ ಏಪ್ರಿಲ್ ಮೊದಲ ವಾರದಲ್ಲಿ, ಸಿಲಿಗುರಿಯ ಸೆಖೆಯಲ್ಲಿ ಬೆವರುತ್ತಾ ಹತ್ತು ಜನ ತುಂಬಿದ ಜೀಪು ಹತ್ತಿದೆ. ಕರ್ಸಿಯಾಂಗ್ ದಾಟುವಾಗ ಸ್ವೆಟರು, ಘೂಮ್ ತಲುಪುವಾಗ ಶಾಲು. ಎರಡಡಿ ಅಗಲದ ಪುಟಾಣಿ ರೈಲಿನ ಹಳಿ ರಸ್ತೆಯ ಈ ಬದಿಯಿಂದ ಆ ಬದಿಗೆ ದಾಟುತ್ತಾ, ಅಂಗಡಿಗಳ ಹೊಸ್ತಿಲನ್ನು ಸವರಿಕೊಂಡು ನಮ್ಮ ಜೊತೆಗೇ ಬರುತ್ತಿತ್ತು. 1881ರಿಂದಲೂ ಅದು ಹೀಗೇ ಹತ್ತುತ್ತಿದೆ.

ನಾನು ಇಳಿದುಕೊಂಡ ಮನೆಯ ಒಡತಿ ಶೆರ್ಪಾ ಹೆಂಗಸು, ಐವತ್ತೈದರ ಆಸುಪಾಸು. ಬಾಡಿಗೆ ಹೇಳುವ ಮೊದಲು ನೀರಿನ ಲೆಕ್ಕ ಹೇಳಿದರು: ದಿನಕ್ಕೆ ಎರಡು ಬಕೆಟ್, ಅದರಲ್ಲಿ ಒಂದು ಬಿಸಿ. ಮಳೆಗಾಲದಲ್ಲಿ ಜಡಿಮಳೆ ಸುರಿಯುವ ಈ ಊರಿನಲ್ಲಿ ಮಳೆ ಬರುವ ಮುಂಚಿನ ತಿಂಗಳುಗಳಲ್ಲಿ ನೀರನ್ನು ದುಡ್ಡು ಕೊಟ್ಟು ತರಿಸಬೇಕು. ಕೋಣೆಯ ಕಿಟಕಿ ತೋರಿಸಿ, “ಇಲ್ಲಿಂದ ನೇರ ಎದುರಿಗೆ ಕಾಂಚನಜುಂಗಾ” ಎಂದರು. ಎದುರಿಗೆ ಬೂದು ಗೋಡೆ. “ಇದು ಕುಹಿರೋ. ಇದರ ಹಿಂದೆ ಹಿಉಂ” ಎಂದರು. ನೇಪಾಳಿಯಲ್ಲಿ ಎರಡಕ್ಕೂ ಬೇರೆ ಬೇರೆ ಪದ. ನಾನು ಅಭ್ಯಾಸಬಲದಿಂದ ಬರೆದುಕೊಂಡೆ. ನಮ್ಮಲ್ಲಿ ಎರಡಕ್ಕೂ ಒಂದೇ ಎಂದಾಗ ಅವರು ನಕ್ಕು, “ಹಾಗಾದರೆ ನಿನಗೇನೂ ನಷ್ಟವಿಲ್ಲ” ಎಂದು ಬಕೆಟ್ ಎತ್ತಿಕೊಂಡು ಹೋದರು.

ಶಾಲೆಯಲ್ಲಿ ನಾವು ಆ ಶಿಖರದ ಹೆಸರನ್ನು ‘ಕಾಂಚನಗಂಗಾ’ ಎಂದು ಓದಿದ್ದೆವು. ಸೂರ್ಯೋದಯದ ಹೊತ್ತಿನ ಚಿನ್ನದ ಬಣ್ಣದ ಚಿತ್ರವೂ ಪಕ್ಕದಲ್ಲೇ ಇದ್ದುದರಿಂದ ಅದು ಕಾಂಚನವೇ, ಗಂಗೆಯೇ ಎಂದು ನಂಬಿದ್ದೆ. ಹೆಸರಿನಲ್ಲಿ ಚಿನ್ನವೂ ಇಲ್ಲ, ಗಂಗೆಯೂ ಇಲ್ಲ. ಟಿಬೆಟನ್ ಮಾತಿನಲ್ಲಿ ಅದು ಮಹಾಹಿಮದ ಐದು ಭಂಡಾರಗಳು. ಕಿವಿಗೆ ಬಿದ್ದ ಅಪರಿಚಿತ ಪದವನ್ನು ನಮ್ಮ ಪದದಂತೆ ಕೇಳಿಸಿಕೊಳ್ಳುವುದು ಎಲ್ಲ ಭಾಷೆಗಳೂ ಮಾಡುವ ಕೆಲಸ. 8586 ಮೀಟರಿನ ಈ ಶಿಖರವನ್ನು ಸಿಕ್ಕಿಂ ಜನ ದೇವರೆಂದು ಕಾಣುತ್ತಾರೆ. 1955ರ ಮೇ 25ರಂದು ಮೊದಲ ಬಾರಿ ಮೇಲೇರಿದ ಜೋ ಬ್ರೌನ್ ಮತ್ತು ಜಾರ್ಜ್ ಬ್ಯಾಂಡ್ ಕೊನೆಯ ಕೆಲವು ಅಡಿಗಳನ್ನು ತುಳಿಯದೆ ಹಿಂದಿರುಗಿದರು. ಸಿಕ್ಕಿಂನ ಚೋಗ್ಯಾಲರಿಗೆ ಹಾಗೆಂದು ಮಾತು ಕೊಡಲಾಗಿತ್ತು.

ಎರಡನೆಯ ದಿನ ಬೆಳಗಿನ ಜಾವ ನಾಲ್ಕಕ್ಕೆ ಎಲ್ಲರಂತೆ ಟೈಗರ್ ಹಿಲ್ಲಿಗೆ ಹೋದೆ. ನೂರಾರು ಜನ ಮೊಬೈಲು ಎತ್ತಿ ಹಿಡಿದು ಉತ್ತರಕ್ಕೆ ತಿರುಗಿ ನಿಂತಿದ್ದರು. ಫ್ಲಾಸ್ಕಿನಲ್ಲಿ ಕಾಫಿ ಮಾರುವ ಹೆಂಗಸರು ಮಾತ್ರ ಬೆಟ್ಟಕ್ಕೆ ಬೆನ್ನು ಹಾಕಿ ನಮ್ಮನ್ನು ನೋಡುತ್ತಿದ್ದರು. ಕಪ್ಪು ಬೂದಾಯಿತು, ಬೂದು ಬೆಳ್ಳಗಾಯಿತು. ಅಷ್ಟೇ. ಯಾರೋ “ಆಯಿತಾ ಸೂರ್ಯೋದಯ?” ಎಂದು ಕೇಳಿದರು. ಗಡಿಯಾರ ನೋಡಿ ಇನ್ನೊಬ್ಬರು “ಆಯಿತು” ಎಂದರು.

ಇಳಿಯುವ ದಾರಿಯಲ್ಲಿ ಘೂಮಿನಲ್ಲಿ ಇಳಿದುಕೊಂಡು 1850ರ ಯಿಗಾ ಚೋಲಿಂಗ್ ಮಠಕ್ಕೆ ಹೋದೆ. ಒಳಗೆ ಹದಿನೈದು ಅಡಿಯ ಮೈತ್ರೇಯ, ಇನ್ನು ಬರಲಿರುವ ಬುದ್ಧ. ಪದ್ಮಾಸನ ಹಾಕಿಲ್ಲ, ಕುರ್ಚಿಯಲ್ಲಿ ಕೂತವರಂತೆ ಕಾಲು ಇಳಿಬಿಟ್ಟಿದ್ದಾನೆ. ಬೆಣ್ಣೆದೀಪದ ವಾಸನೆಯಲ್ಲಿ ನಿಂತು ನೋಡುತ್ತಿದ್ದರೆ ಈಗಲೇ ಎದ್ದುಬಿಡುತ್ತಾನೆ ಎನಿಸುತ್ತದೆ. ಹಿರಿಯ ಲಾಮಾ ಒಬ್ಬರು ದೀಪಗಳಿಗೆ ಬೆಣ್ಣೆ ತುಂಬುತ್ತಿದ್ದರು. ಬರುವುದು ಯಾವಾಗ ಎಂಬ ಅವಸರ ಅವರಲ್ಲಿ ಕಾಣಲಿಲ್ಲ.

ಮಧ್ಯಾಹ್ನ ಚೌರಸ್ತಾದ ಹಿಂದಿನ ಗುಡ್ಡ ಹತ್ತಿದೆ. ಊರಿಗೆ ಹೆಸರು ಬಂದದ್ದು ಅಲ್ಲಿಂದ. ದೋರ್ಜೆ ಎಂದರೆ ವಜ್ರಾಯುಧ, ಲಿಂಗ್ ಎಂದರೆ ನೆಲೆ. 1765ರಲ್ಲಿ ಕಟ್ಟಿದ ದೋರ್ಜೆ ಲಿಂಗ್ ಮಠವನ್ನು 1815ರಲ್ಲಿ ಗೂರ್ಖಾ ಸೇನೆ ಹಾಳುಗೆಡವಿತು. ಮಠ ಮುಂದೆ ಭುಟಿಯಾ ಬಸ್ತಿಗೆ ಹೋಯಿತು. ಅದಿದ್ದ ಜಾಗದಲ್ಲಿ ಈಗ ಮಹಾಕಾಲನ ಗುಡಿ. ಗುಡಿಯೊಳಗೆ ಒಂದು ಕಡೆ ಹಿಂದೂ ಅರ್ಚಕರು, ಎದುರಿಗೆ ಬೌದ್ಧ ಲಾಮಾ. ಬಂದವರು ಗಂಟೆ ಬಾರಿಸಿ ಒಬ್ಬರಿಂದ ಕುಂಕುಮ ಹಚ್ಚಿಸಿಕೊಂಡು ಇನ್ನೊಬ್ಬರ ಮಂತ್ರಕ್ಕೆ ತಲೆಬಾಗುತ್ತಿದ್ದರು. ಮೊದಲು ಇದು ಯಾರದ್ದಾಗಿತ್ತು ಎಂದು ನಮ್ಮಂಥ ಸಂಶೋಧಕರು ಕೇಳುತ್ತೇವೆ. ಅದು ಕೇಳಬೇಕಾದ ಪ್ರಶ್ನೆಯೇ. ಅಲ್ಲಿ ಸರದಿಯಲ್ಲಿ ನಿಂತವರಿಗೆ ಮಾತ್ರ ಮಗುವಿನ ಜ್ವರವೋ ಪರೀಕ್ಷೆಯ ಫಲಿತಾಂಶವೋ ಮುಖ್ಯವಾಗಿತ್ತು.

ಮೂರನೆಯ ದಿನ ಹೋದದ್ದು ನಾನು ನಿಜವಾಗಿ ನೋಡಬೇಕೆಂದುಕೊಂಡಿದ್ದ ಒಂದೇ ಜಾಗಕ್ಕೆ. ಲೆಬಾಂಗ್ ಕಾರ್ಟ್ ರಸ್ತೆಯ ಬದಿಯ ಹಳೆಯ ಸ್ಮಶಾನಕ್ಕೆ. ಅಲ್ಲಿ ಮಲಗಿರುವವನ ಹೆಸರು ಅಲೆಕ್ಸಾಂಡರ್ ಚೋಮಾ ದ ಕೊರೋಶ್. ನಿಘಂಟುಗಳ ಚರಿತ್ರೆ ಓದುವವರಿಗೆಲ್ಲ ಒಮ್ಮೆಯಾದರೂ ಎದುರಾಗುವ ಹೆಸರು. ಆ ‘ಚೋಮಾ’ ಕನ್ನಡದವರ ಕಿವಿಗೆ ಹೊರಗಿನದೆನಿಸುವುದಿಲ್ಲ. ಬೇಸಾಯ ಮಾಡುವ ಆಸೆ ಈಡೇರದೆ ಸತ್ತ ಕಾರಂತರ ಚೋಮ ನಮಗೆ ಗೊತ್ತು. ಈ ಚೋಮನದೂ ಹೆಚ್ಚು ಕಡಿಮೆ ಅದೇ ಕತೆ.

1784ರಲ್ಲಿ ಟ್ರಾನ್ಸಿಲ್ವೇನಿಯಾದಲ್ಲಿ ಹುಟ್ಟಿದ ಈತನಿಗೆ ತನ್ನ ಹಂಗೇರಿಯನ್ ಜನ ಏಷ್ಯಾದ ಯಾವ ಮೂಲೆಯಿಂದ ಬಂದವರು ಎಂದು ಕಂಡುಹಿಡಿಯುವ ಹಂಬಲ. 1819ರಲ್ಲಿ ಮನೆ ಬಿಟ್ಟ. ಬಹುಪಾಲು ಕಾಲ್ನಡಿಗೆಯಲ್ಲಿ ಪರ್ಷಿಯಾ, ಆಫ್ಘಾನಿಸ್ತಾನ ದಾಟಿ 1822ರಲ್ಲಿ ಲಡಾಖಿಗೆ ಬಂದ. ಮುಂದಿನ ದಾರಿ ಮುಚ್ಚಿತ್ತು. ಮೂರ್‌ಕ್ರಾಫ್ಟ್ ಎಂಬ ಇಂಗ್ಲಿಷ್ ಪ್ರವಾಸಿಯ ಒತ್ತಾಸೆಯಿಂದ ಟಿಬೆಟನ್ ಕಲಿಯಲು ಕೂತ. ಝನ್‌ಸ್ಕಾರದ ಝಂಗ್ಲಾದಲ್ಲಿ ಒಂಬತ್ತು ಅಡಿ ಚದರದ ಕೋಣೆಯಲ್ಲಿ, ಬೆಂಕಿಯಿಲ್ಲದ ಚಳಿಗಾಲದಲ್ಲಿ, ಒಬ್ಬ ಲಾಮಾನ ಜೊತೆ ಕೂತು ಪದಗಳನ್ನು ಸೇರಿಸಿದ. ಅವನ ಟಿಬೆಟನ್–ಇಂಗ್ಲಿಷ್ ನಿಘಂಟು ಮತ್ತು ವ್ಯಾಕರಣ 1834ರಲ್ಲಿ ಕಲ್ಕತ್ತೆಯಲ್ಲಿ ಅಚ್ಚಾದವು. ಆಧುನಿಕ ಟಿಬೆಟನ್ ಅಧ್ಯಯನ ಶುರುವಾಗುವುದು ಅಲ್ಲಿಂದ. ಹಂಗೇರಿಯನ್ನರ ಮೂಲ ಮಾತ್ರ ಅವನಿಗೆ ಸಿಗಲೇ ಇಲ್ಲ. ಹುಡುಕಾಟ ಬಿಡದೆ 1842ರಲ್ಲಿ ಲ್ಹಾಸಾದ ಗ್ರಂಥಭಂಡಾರಗಳಿಗೆಂದು ಹೊರಟ. ತೆರಾಯಿಯ ಕಾಡು ದಾಟುವಾಗ ಜ್ವರ ಹಿಡಿಯಿತು. ಏಪ್ರಿಲ್ 11ರಂದು ಡಾರ್ಜಿಲಿಂಗಿನಲ್ಲಿ ತೀರಿಕೊಂಡ. ಅವನ ಬಳಿ ಉಳಿದಿದ್ದ ಆಸ್ತಿ: ನಾಲ್ಕು ಪೆಟ್ಟಿಗೆ ಪುಸ್ತಕ ಮತ್ತು ಕಾಗದ, ಮೈಮೇಲಿನ ನೀಲಿ ಬಟ್ಟೆ, ಕೆಲವು ಹೊದಿಕೆ, ಒಂದು ಅಡುಗೆ ಪಾತ್ರೆ.

ಏಷ್ಯಾಟಿಕ್ ಸೊಸೈಟಿ ಕಟ್ಟಿಸಿದ ಎಂಟು ಮುಖದ ಬಿಳಿಯ ಸ್ಮಾರಕವದು. ಹಂಗೇರಿಯಿಂದ ಬಂದ ಯಾರೋ ಕೆಂಪು, ಬಿಳಿ, ಹಸಿರು ರಿಬ್ಬನ್ ಕಟ್ಟಿ ಹೋಗಿದ್ದರು. ಮಳೆಗೆ ಬಣ್ಣ ಬಿಟ್ಟಿತ್ತು. ಅರ್ಧ ಗಂಟೆ ನಿಂತಿದ್ದೆ. ನನಗೇನೂ ಸಾಕ್ಷಾತ್ಕಾರವಾಗಲಿಲ್ಲ. ಆತ ಮಹಾನುಭಾವ, ನಾನು ಫೆಲೋಶಿಪ್ ಮುಗಿದ ವಿದ್ಯಾರ್ಥಿನಿ, ಹೋಲಿಸಿಕೊಳ್ಳುವುದು ಹಾಸ್ಯಾಸ್ಪದ. ಆದರೆ ಒಂದು ವಿಷಯ ಮಾತ್ರ ತಲೆಯಲ್ಲಿ ಉಳಿಯಿತು. ಒಂಬತ್ತು ಅಡಿ ಕೋಣೆಯಲ್ಲಿ ಅವನ ಎದುರಿಗೆ ಒಬ್ಬ ಲಾಮಾ ಕೂತಿದ್ದ. ಗೊತ್ತಿಲ್ಲದ ಪದ ಬಂದಾಗಲೆಲ್ಲ ಇವನು ಕೇಳುತ್ತಿದ್ದ. ನಾನು ಅಜ್ಜಿ ಹೋದ ಮೇಲೆ ಯಾರನ್ನೂ ಕೇಳಿರಲಿಲ್ಲ.

ಆ ರಾತ್ರಿ ರಬ್ಬರ್ ಬ್ಯಾಂಡ್ ಬಿಚ್ಚಿದೆ. ಮೇಲಿನ ಚೀಟಿಯಲ್ಲಿ ನನ್ನದೇ ಅಕ್ಷರ: “ಮಂಜು ಕೂತಿದೆ / ಮಂಜು ನಿಂತಿದೆ. ವ್ಯತ್ಯಾಸ ಕೇಳಬೇಕು.” ಅಜ್ಜಿ ಬೆಳಿಗ್ಗೆ ಬಾಗಿಲು ತೆಗೆದು ಅಂಗಳ ನೋಡಿ ಎರಡರಲ್ಲಿ ಒಂದನ್ನು ಹೇಳುತ್ತಿದ್ದಳು. ಆಗೆಲ್ಲ ಅದು ನನಗೆ ಒಂದೇ ಮಾತಿನ ಎರಡು ರೂಪ ಎನಿಸಿತ್ತು.

ನಾಲ್ಕನೆಯ ಬೆಳಿಗ್ಗೆ ಕಿಟಕಿಯ ಎದುರಿಗೆ ಅದೇ ಬೂದು ಗೋಡೆ. ಅಮ್ಮನ ಫೋನು ಬಂತು. “ಕಾಣಿಸ್ತಾ?” “ಇಲ್ಲಮ್ಮ.” “ಅಷ್ಟು ದೂರ ಹೋಗಿ?” ಇದೇ ದನಿಯಲ್ಲಿ ಅವಳು ಐದು ವರ್ಷದಿಂದ “ಮುಗೀತಾ?” ಎಂದು ಕೇಳುತ್ತಾ ಬಂದಿದ್ದಾಳೆ. ನಾನು “ಇಲ್ಲಮ್ಮ” ಎನ್ನುತ್ತಾ ಬಂದಿದ್ದೇನೆ.

“ಅಮ್ಮ, ಅಜ್ಜಿ ಮಂಜು ಕೂತಿದೆ, ಮಂಜು ನಿಂತಿದೆ ಅಂತಿದ್ಲಲ್ಲ, ಏನದು?”

ಕೇಳಿದ ಮೇಲೆ, ಅಮ್ಮ ಹಾಸನದ ಕಡೆಯ ಬಯಲುಸೀಮೆಯವಳು, ಅಡಿಕೆ ತೋಟವನ್ನು ಮದುವೆಯಾದ ಮೇಲೆ ಕಂಡವಳು, ಇವಳಿಗೇನು ಗೊತ್ತು ಎಂದುಕೊಂಡೆ. ಹಾಗೆ ಅಂದುಕೊಂಡೇ ಐದು ವರ್ಷ ಅವಳನ್ನು ಒಂದು ಪದವನ್ನೂ ಕೇಳಿರಲಿಲ್ಲ.

“ಅಯ್ಯೋ, ಅದು ಗೊತ್ತಿಲ್ವಾ ನಿಂಗೆ?” ಎಂದಳು ಅಮ್ಮ. “ಕೂತ ಮಂಜು ಎದ್ದು ಹೋಗತ್ತೆ. ಎಂಟು ಗಂಟೆಗೆ ಬಿಸಿಲು ಬರತ್ತೆ, ಬೇಯಿಸಿದ ಅಡಿಕೆ ಹರವಬಹುದು. ನಿಂತ ಮಂಜು ಹೋಗಲ್ಲ, ದಿನಾ ಪೂರ್ತಿ ಹಾಗೇ. ಅಡಿಕೆ ಅಂಗಳಕ್ಕೆ ತಂದ್ರೆ ಬೂಸ್ಟು ಬರತ್ತೆ. ಬಂದ ಹೊಸತರಲ್ಲಿ ನಂಗೆ ತಿಳೀದೆ ಒಂದ್ಸಲ ಹರವಿ, ನಿಮ್ಮಜ್ಜಿ ಹತ್ರ ಬೈಸ್ಕೊಂಡಿದ್ದೆ.”

ಪೆನ್ಸಿಲ್ ಹುಡುಕಿದೆ. ಇಪ್ಪತ್ತೆಂಟು ವರ್ಷ ಒಂದೇ ಒಲೆಯ ಮುಂದೆ, ಒಂದೇ ಅಂಗಳದಲ್ಲಿ ಅಜ್ಜಿಯ ಪಕ್ಕ ಕೂತು ಅಡಿಕೆ ಸುಲಿದವಳು ಇವಳು. ಇನ್ನೊಂದು ಚೀಟಿ ಓದಿದೆ. ಅದಕ್ಕೂ ಉತ್ತರ ಬಂತು. ಮೂರನೆಯದಕ್ಕೆ “ಅದು ಗೊತ್ತಿಲ್ಲ ಕಣೇ, ನಿಮ್ಮತ್ತೆ ಹತ್ರ ಕೇಳು” ಎಂದಳು. ನಲವತ್ತು ನಿಮಿಷ ಮಾತಾಡಿದೆವು. ಹನ್ನೊಂದು ಚೀಟಿ ತುಂಬಿತು. ಥೀಸಿಸ್ ಬಗ್ಗೆ ಅವಳೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಕೊನೆಗೆ ಅವಳೇ ಕೇಳಿದಳು. “ಅಲ್ಲಿ ಹೇಗಿದೆ? ಕೂತಿದ್ಯಾ, ನಿಂತಿದ್ಯಾ?”

ಕಿಟಕಿಯ ಹೊರಗೆ ನೋಡಿದೆ. ಸುಮಾರು ಎಪ್ಪತ್ತು ಕಿಲೋಮೀಟರ್ ಆಚೆ ಆ ಐದು ಭಂಡಾರಗಳು ಇದ್ದಲ್ಲೇ ಇದ್ದವು.

“ನಿಂತಿದೆ ಅಮ್ಮ. ನಾಲ್ಕು ದಿನದಿಂದ.”

“ಹಾಗಾದ್ರೆ ಕಾಯ್ತಾ ಕೂರ್ಬೇಡ” ಎಂದಳು. “ಹೊರಡು. ಕೆಲಸ ಇದ್ಯಲ್ಲ.”